ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ, ಪ್ರಶ್ನೆಗೆ ಐದು ನಿಮಿಷವೂ ಇಲ್ಲ

ನಮಸ್ಕಾರ. ನಮ್ಮ ಹಳ್ಳಿಗಳ ಸಭೆ ಸಮಾರಂಭಗಳ ಬಗ್ಗೆ ಇವತ್ತು ಸ್ವಲ್ಪ ಖಾರವಾಗಿಯೇ ಮಾತನಾಡುತ್ತೇನೆ.

ಆಮಂತ್ರಣ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಸಾಲದು ಎಂಬಂತೆ 'ಗೌರವ ಉಪಸ್ಥಿತಿ' ಎಂದು ಇನ್ನಷ್ಟು ಮಂದಿ. ಉಪನ್ಯಾಸದ ವಿಷಯವನ್ನು ಹುಡುಕಿದರೆ ಲಘು ಉಪಾಹಾರದ ಸೂಚನೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸಿಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಹಾರ, ಶಾಲು, ಮೈಸೂರು ಪೇಟ. ಕೊನೆಗೂ ಉಪನ್ಯಾಸಕರ ಕೈಗೆ ಮೈಕು ಬರುವಷ್ಟರಲ್ಲಿ ನಿರೂಪಕರಿಂದ ಚೀಟಿ: 'ಹತ್ತು ನಿಮಿಷದಲ್ಲಿ ಮುಗಿಸಿ.' ಪ್ರಶ್ನೋತ್ತರಕ್ಕೆ ಪತ್ರಿಕೆಯಲ್ಲಿ ಜಾಗವೇ ಇಲ್ಲ.

'ನಮ್ಮ ಜನ ಕೇಳುವುದೇ ಇಲ್ಲ ಬಿಡಿ' ಎನ್ನುತ್ತಾರೆ ಸಂಘಟಕರು. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತು ನೋಡಿ ಸ್ವಾಮಿ. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಯಾವ ಔಷಧ ಹೊಡೆಯಬೇಕು, ಹೊಡೆದರೂ ಯಾಕೆ ನಿಲ್ಲಲಿಲ್ಲ ಎಂದು ಅಲ್ಲಿ ನಡೆಯುವ ವಾದ ಯಾವ ವಿಚಾರ ಸಂಕಿರಣಕ್ಕೂ ಕಡಿಮೆಯಲ್ಲ. ಅದೇ ಜನ ಶಾಮಿಯಾನದ ಕೆಳಗೆ ಬಾಯಿ ಬಿಡುವುದಿಲ್ಲ. ಪೇಟ ತೊಡಿಸಿ ಕೂರಿಸಿದವರನ್ನು ಎದ್ದು ಪ್ರಶ್ನಿಸಿದರೆ ಅತಿಥಿಗೆ ಅಗೌರವ ಎಂಬ ಭಾವನೆಯನ್ನು ನಾವೇ ಬೆಳೆಸಿದ್ದೇವೆ.

ಬೇರೆ ರೀತಿಯಲ್ಲಿ ಮಾಡಬಹುದು ಎಂಬುದಕ್ಕೆ ಉದಾಹರಣೆ ದೂರದಲ್ಲೇನೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಹವ್ಯಾಸಿ ನಾಟಕದ ಸಂಘವಾಗಿ ಹುಟ್ಟಿತು. 1973ರಲ್ಲಿ ಚಿತ್ರಸಮಾಜ ಕಟ್ಟಿಕೊಂಡು ಹಳ್ಳಿಯವರಿಗೆ ಕುರೊಸಾವಾ, ಸತ್ಯಜಿತ್ ರಾಯ್ ಅವರ ಸಿನಿಮಾ ತೋರಿಸಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ 'ತಿರುಗಾಟ' ತಂಡ. ಅಲ್ಲಿನ ಸಂಸ್ಕೃತಿ ಶಿಬಿರದ ಕ್ರಮ ನನಗೆ ಬಹಳ ಇಷ್ಟ: ಹಗಲು ಉಪನ್ಯಾಸ ಮತ್ತು ಚರ್ಚೆ, ಸಂಜೆ ನಾಟಕ, ಆ ನಾಟಕದ ಬಗ್ಗೆ ಮತ್ತೆ ಚರ್ಚೆ. ಎಷ್ಟೇ ದೊಡ್ಡ ಹೆಸರಿನ ವಿದ್ವಾಂಸರಾದರೂ ಮಾತು ಮುಗಿಸಿ ಕಾರು ಹತ್ತುವಂತಿಲ್ಲ, ಉತ್ತರ ಕೊಡಬೇಕು.

'ಅವರಿಗೆ ಕೆ.ವಿ. ಸುಬ್ಬಣ್ಣ ಇದ್ದರು, ನಮಗೆ ಯಾರಿದ್ದಾರೆ?' ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನೀನಾಸಮ್ ಕಟ್ಟಿ ಬೆಳೆಸಿದ ಸುಬ್ಬಣ್ಣನವರು ಹುಟ್ಟಿದ್ದು 1932ರಲ್ಲಿ. ಸಂಘ ಶುರುವಾದಾಗ ಅವರಿಗೆ ಇನ್ನೂ ಹದಿನೇಳು. ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು 1991ರಲ್ಲಿ. ನಡುವೆ ನಾಲ್ಕು ದಶಕ ಇದೆ. ನಮ್ಮವರಿಗೆ ಮೊದಲ ವರ್ಷವೇ ಪತ್ರಿಕೆಯಲ್ಲಿ ಫೋಟೋ ಬರಬೇಕು.

ಎಲ್ಲರೂ ಹೆಗ್ಗೋಡು ಆಗಲಿ ಎಂದು ನಾನು ಹೇಳುತ್ತಿಲ್ಲ. ನಾಟಕ ಬೇಡ, ರಂಗಮಂದಿರ ಬೇಡ. ಶಾಲೆಯ ಜಗಲಿ ಸಾಕು. ವೇದಿಕೆ ತೆಗೆದುಬಿಡಿ, ಮಾತನಾಡುವವರೂ ಜನರ ಮಟ್ಟದಲ್ಲೇ ಕೂರಲಿ. ಅರ್ಧ ಗಂಟೆ ಮಾತು, ಒಂದು ಗಂಟೆ ಪ್ರಶ್ನೆ. ಸನ್ಮಾನ ಮಾಡಲೇಬೇಕೆಂದಿದ್ದರೆ ಎಲ್ಲ ಮುಗಿದ ಮೇಲೆ ಮಾಡಿ, ಅಷ್ಟು ಹೊತ್ತು ಪ್ರಶ್ನೆಗಳನ್ನು ಎದುರಿಸಿದವರಿಗೆ ಶಾಲು ಹೊದಿಸಿದರೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಈ ಅಭ್ಯಾಸದ ಲಾಭ ಸಾಹಿತ್ಯಕ್ಕೆ ಮಾತ್ರವಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎನ್ನುತ್ತದೆ ಕಾನೂನು. ಅಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ 'ಈ ಹೆಸರು ಹೇಗೆ ಬಂತು?' ಎಂದು ಕೇಳುವವರು ಬೇಕಲ್ಲ.

ಇನ್ನೊಂದು ಮಾತು ಸಮಯದ ಬಗ್ಗೆ. ಸಂಜೆ ಆರಕ್ಕೆ ಕಾರ್ಯಕ್ರಮ ಇಟ್ಟು 'ಹೆಂಗಸರು ಬರುವುದೇ ಇಲ್ಲ' ಎಂದು ದೂರುತ್ತೀರಿ. ಆ ಹೊತ್ತಿಗೆ ಹಸು ಕರೆಯುವವರು ಯಾರು, ರಾತ್ರಿಯ ಅಡುಗೆಗೆ ಒಲೆ ಹಚ್ಚುವವರು ಯಾರು? ಮುಂದಿನ ಸಭೆಯ ವೇಳೆಯನ್ನು ಗೊತ್ತುಮಾಡುವ ಮೊದಲು ನಿಮ್ಮೂರಿನ ಸ್ವಸಹಾಯ ಸಂಘದ ಅಕ್ಕಂದಿರನ್ನು ಒಮ್ಮೆ ಕೇಳಿ. ಅವರು ಮಧ್ಯಾಹ್ನ ಮೂರು ಗಂಟೆ ಎಂದರೆ ಮೂರು ಗಂಟೆಗೇ ಇಡಿ, ಉದ್ಘಾಟಕರಿಗೆ ಅನುಕೂಲವಾಗದಿದ್ದರೆ ಅವರಿಲ್ಲದೆಯೇ ನಡೆಸಿ.