ವಿಮಾನ ಕರೆಸುವ ವಿದ್ಯೆ

ಕೇಳುಗರಿಗೆ ನಮಸ್ಕಾರ. ಎರಡನೇ ಮಹಾಯುದ್ಧದ ವಿಮಾನಗಳ ಮಾತೆತ್ತಿದರೆ ಸಾಕು, ವೇಗವೆಷ್ಟು, ಬಂದೂಕೆಷ್ಟು ಎಂದೇ ಎಲ್ಲರೂ ಕೇಳುತ್ತಾರೆ. ಅದನ್ನು ಇವತ್ತು ಪಕ್ಕಕ್ಕಿಡಿ. ನೆಲದ ಮೇಲೆ ಸಿಕ್ಕಿಬಿದ್ದ ತುಕಡಿಗೆ ವಿಮಾನ ಬೇಕು. ಯಾರನ್ನು ಕೇಳಬೇಕು, ಕೇಳಿದ್ದು ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಕರೆ ಬೇಗ ಮುಟ್ಟಬೇಕು. ನನಗೆ ಹೇಳಬೇಕಾದದ್ದು ಇದೊಂದೇ.

ಮೊದಲೆಲ್ಲ ಎರಡು ಗಳು ನೆಟ್ಟು, ನಡುವೆ ಹಗ್ಗ ಕಟ್ಟಿ, ಚೀಟಿಯ ಚೀಲ ತೂಗುಬಿಡುತ್ತಿದ್ದರು. ವಿಮಾನ ತಗ್ಗಿನಲ್ಲಿ ಹಾರಿ ಬಂದು ಕೊಕ್ಕೆಯಿಂದ ಎಳೆದೊಯ್ಯುತ್ತಿತ್ತು. ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಶುರುವಾದದ್ದೂ ಇಂಥದೇ ಸೇನಾ ಸಹಕಾರದ ಕೆಲಸಕ್ಕೆ.

1940ರ ಮೇ ತಿಂಗಳಿಗೆ ಬನ್ನಿ. ಬೆಲ್ಜಿಯಂನ ಆಲ್ಬರ್ಟ್ ಕಾಲುವೆಯ ಮೇಲಿನ ವೆಲ್ಡ್‌ವೆಜೆಲ್ಟ್, ವ್ರೂನ್‌ಹೋವನ್ ಸೇತುವೆಗಳನ್ನು ಜರ್ಮನರು 10ನೇ ತಾರೀಖು ಇಡಿಯಾಗಿ ಹಿಡಿದರು. ಮರುದಿನ ಬೆಲ್ಜಿಯಂನವರೇ ಬಾಂಬು ಹಾಕಲು ಹೋಗಿ ಸೋತರು. ಬ್ರಿಟಿಷರ 12ನೇ ಸ್ಕ್ವಾಡ್ರನ್ ಹೊರಟಿದ್ದು 12ರಂದು. ಎರಡು ದಿನ! ಅಷ್ಟರಲ್ಲಿ ಸೇತುವೆಯ ಸುತ್ತ ವಿಮಾನವಿರೋಧಿ ತೋಪುಗಳ ಬೇಲಿಯೇ ಎದ್ದಿತ್ತು. ಹೋದದ್ದು ಐದು ಬ್ಯಾಟಲ್ ವಿಮಾನ. ಒಂದೇ ಎಂಜಿನ್, ಮೂವರು ಸಿಬ್ಬಂದಿ, 250 ಪೌಂಡಿನ ನಾಲ್ಕು ಬಾಂಬು. ಸಿಬ್ಬಂದಿಯೆಲ್ಲ ತಾವಾಗಿ ಮುಂದೆ ಬಂದವರು. ಒಂದು ಸೇತುವೆಗೆ ಪೆಟ್ಟು ಬಿತ್ತು, ಐದೂ ವಿಮಾನ ನಷ್ಟವಾದವು. ಒಂದೇ ವಿಮಾನದಲ್ಲಿದ್ದ ಗಾರ್ಲಂಡ್, ಗ್ರೇ ಇಬ್ಬರಿಗೂ ಸತ್ತ ಮೇಲೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ವಿಮಾನದಲ್ಲಿ ಸತ್ತ ಮೂರನೆಯವ ರೆನಾಲ್ಡ್ಸ್‌ಗೆ ಏನೂ ಇಲ್ಲ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಲೆಕ್ಕ. ಎರಡು ದಿನದ ನಂತರ ಫ್ರಾನ್ಸಿನ ಸೆಡಾನ್ ಬಳಿ 71 ಬಾಂಬರ್ ಹೋಗಿ ಸುಮಾರು 40 ಮರಳಲಿಲ್ಲ. ಧೈರ್ಯಕ್ಕೆ ಕೊರತೆಯಿರಲಿಲ್ಲ ಸ್ವಾಮಿ, ಹೊತ್ತು ಮೀರಿತ್ತು.

ಆಗ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ವಿಮಾನಗಳ ಮುಖ್ಯಸ್ಥ ಆರ್ಥರ್ ಬ್ಯಾರಟ್. 1940ರ ಡಿಸೆಂಬರ್ 1ರಂದು, ಭೂಸೇನೆಯ ಜೊತೆ ಕೆಲಸ ಮಾಡಲೆಂದೇ ವಾಯುಪಡೆಯಲ್ಲಿ ಹುಟ್ಟಿದ ಆರ್ಮಿ ಕೋ-ಆಪರೇಷನ್ ಕಮಾಂಡಿಗೂ ಅವರೇ ಮುಖ್ಯಸ್ಥ. ಅದರ 70ನೇ ಗ್ರೂಪಿನ ಪಾಲಿಗೆ ತರಬೇತಿ ಬಂತು. ಕಲಿಸಬೇಕು, ಆದರೆ ಸ್ವಂತ ಬಾಂಬರ್ ಪಡೆ ಇಲ್ಲ. ಈಜುಕೊಳವಿಲ್ಲದೆ ಈಜು ಕಲಿಸಿ ಎಂದ ಹಾಗೆ.

ದಾರಿ ತೋರಿಸಿದ್ದು ಅದೇ ವರ್ಷ ಉತ್ತರ ಐರ್ಲೆಂಡಿನಲ್ಲಿ ನಡೆದ ಪ್ರಯೋಗ. ವಾಯುಪಡೆಯ ವ್ಯಾನ್, ಭೂಸೇನೆಯ ವುಡಾಲ್ ಅದನ್ನು ನಡೆಸಿದರು. ಕರೆ ಬ್ರಿಗೇಡಿನಿಂದ ಡಿವಿಷನ್, ಅಲ್ಲಿಂದ ಕೋರ್ ಎಂದು ಸೇನೆಯ ಒಂದೊಂದೇ ಮೆಟ್ಟಿಲು ಹತ್ತುವ ಬದಲು, ಮುಂಚೂಣಿಯಲ್ಲೇ ಒಂದು ವೈರ್‌ಲೆಸ್ ವಾಹನ. ಅದಕ್ಕೆ ಬಂದ ಹೆಸರು ಟೆಂಟಕಲ್, ಅಂದರೆ ಮೀಸೆಯಂಥ ಸ್ಪರ್ಶಾಂಗ. ಭೂಸೇನೆ, ವಾಯುಪಡೆ ಎರಡರ ಅಧಿಕಾರಿಗಳೂ ಒಟ್ಟಿಗೆ ಕೂತ ನಿಯಂತ್ರಣ ಕೇಂದ್ರಕ್ಕೆ ಅದು ನೇರ ಮಾತಾಡುತ್ತದೆ.

ಕರೆಯಲ್ಲಿ ಏನಿರಬೇಕು? ಗುರಿ ಏನು, ನಕಾಶೆಯ ಯಾವ ಚೌಕ, ಎಷ್ಟು ಹೊತ್ತಿಗೆ, ನಮ್ಮವರು ಎಲ್ಲಿದ್ದಾರೆ. ಕೊನೆಯದು ತಪ್ಪಿದರೆ ನಮ್ಮ ಬಾಂಬು ನಮ್ಮ ತಲೆಗೇ. ಅದಕ್ಕೇ ನಕಾಶೆಯ ಮೇಲೆ ಬಾಂಬ್‌ಲೈನ್ ಎಳೆಯುತ್ತಾರೆ. ಅದರಾಚೆ ಮಾತ್ರ ಹೊಡೆಯಬಹುದು. ಸೇನೆ ಮುಂದೆ ಹೋದ ಮೇಲೂ ಗೆರೆ ಹಿಂದೆಯೇ ಉಳಿದರೆ ಅನಾಹುತ. ಉತ್ತರ ಆಫ್ರಿಕಾದ ಯುದ್ಧದಲ್ಲಿ, ನಮ್ಮವರೆಂದು ತೋರಿಸಲು ನೆಲಕ್ಕೆ ಹಾಸಿದ ಗುರುತಿನ ಬಟ್ಟೆಯನ್ನು ಮರುಭೂಮಿಯ ಧೂಳು ನುಂಗುತ್ತಿತ್ತು. ಜರ್ಮನರು ಬ್ರಿಟಿಷ್ ಲಾರಿಗಳನ್ನೇ ಹಿಡಿದು ಓಡಿಸುತ್ತಿದ್ದರು, ಮೇಲಿನಿಂದ ಯಾರದೆಂದು ತಿಳಿಯುವುದು ಹೇಗೆ? ಹಾಗಾಗಿ ಸ್ಕ್ವಾಡ್ರನ್ನಿನಲ್ಲೇ ಭೂಸೇನೆಯ ಒಬ್ಬ ಅಧಿಕಾರಿ ಕೂತು, ಹೋಗುವಾಗ ಪೈಲಟ್‌ಗೆ ವಿವರಿಸಿ, ಬಂದಾಗ ಕೇಳಿ ಬರೆದುಕೊಳ್ಳುತ್ತಿದ್ದ.

ಸಮಯ ಓಡುತ್ತಿದೆ. ಭೂಸೇನೆಗಾಗಿ ಶತ್ರುವಿನ ನೆಲ ನೋಡಿ ಬರುವ ಕೆಲಸಕ್ಕೆ ನಿಧಾನದ ಲೈಸಾಂಡರ್ ವಿಮಾನ ಹೋಗಿ, 1942ರಲ್ಲಿ ಆಲಿಸನ್ ಎಂಜಿನ್ನಿನ ಮಸ್ಟಾಂಗ್ ಬಂತು. ಎತ್ತರದಲ್ಲಿ ಸೋಲುವ ಎಂಜಿನ್, ತಗ್ಗಿನಲ್ಲಿ ಚುರುಕು. ಪೈಲಟ್ ಹಿಂದೆ ಓರೆಯಾಗಿ ನೋಡುವ ಕ್ಯಾಮೆರಾ. ಜೋಡಿಯಾಗಿಯೇ ಹಾರಾಟ: ಮುಂದಿನವ ನೆಲ ನೋಡುತ್ತಾನೆ, ಹಿಂದಿನವ ಆಕಾಶ ಕಾಯುತ್ತಾನೆ. ತೋಪಿನ ಗುಂಡು ಎಲ್ಲಿ ಬೀಳುತ್ತದೆಂದು ನೋಡಿ ಗುರಿ ತಿದ್ದಲು ಪುಟ್ಟ ಆಸ್ಟರ್ ವಿಮಾನವನ್ನು ಫಿರಂಗಿ ದಳದ ಅಧಿಕಾರಿಗಳೇ ಹಾರಿಸುತ್ತಿದ್ದರು, ಅದರ ಕತೆ ಇನ್ನೊಮ್ಮೆ.

1943ರ ಜೂನ್ 1ರಂದು ಕಮಾಂಡ್ ಮುಚ್ಚಿತು. ಕಲಿತದ್ದು ಭೂಸೇನೆಗೆ ಬೆಂಬಲವಾಗಿ ಹಾರುವ ಬ್ರಿಟಿಷ್ ಪಡೆಯಾದ ಎರಡನೇ ಟ್ಯಾಕ್ಟಿಕಲ್ ಏರ್ ಫೋರ್ಸಿಗೆ ಹೋಯಿತು. ಮರುವರ್ಷ ಫ್ರಾನ್ಸಿನ ನಾರ್ಮಂಡಿಯಲ್ಲಿ ಟೈಫೂನ್ ಎಂಬ ದಾಳಿ ವಿಮಾನಗಳು ಆಟೋ ಸ್ಟ್ಯಾಂಡಿನ ಆಟೋಗಳಂತೆ ಮೇಲೆ ಸರದಿ ಕಾಯುತ್ತಾ ಸುತ್ತುತ್ತಿದ್ದವು. ಟ್ಯಾಂಕುಗಳ ಜೊತೆಗೇ ಇದ್ದ ವಾಯುಪಡೆಯವನು ವೈರ್‌ಲೆಸ್ಸಿನಲ್ಲಿ ಕರೆದರೆ ನಿಮಿಷಗಳಲ್ಲಿ ಕೆಳಗಿಳಿಯುತ್ತಿದ್ದವು. ಗಾಜಿನಾಚೆಯಿಂದ ನನಗೂ ಸನ್ನೆಯಾಗುತ್ತಿದೆ. ನಮಸ್ಕಾರ.