ಅಂದಿನ ಲೆಕ್ಕ ಅಂದೇ

ಕೇಳುಗರಿಗೆ ನಮಸ್ಕಾರ. ಭಯೋತ್ಪಾದನೆ ನಿಗ್ರಹದ ರಾಷ್ಟ್ರೀಯ ನೀತಿ ಎಂದೊಡನೆ ಗಡಿ, ಕಮಾಂಡೊ ಪಡೆ, ದೆಹಲಿಯ ಸಭೆಗಳು ನಿಮ್ಮ ಕಣ್ಣಮುಂದೆ ಬರುತ್ತವೆ. ನಾನಿಂದು ನಿಮ್ಮನ್ನು ಕರೆದೊಯ್ಯುವುದು ಕುಷ್ಟಗಿ ಕಡೆಯ ಒಂದು ಜಲ್ಲಿ ಕ್ವಾರಿಗೆ. ಆ ನೀತಿ ನಿಲ್ಲುವುದೂ ಬೀಳುವುದೂ ಬಂಡೆ ಸಿಡಿಸಲು ಅಲ್ಲಿ ಬಳಸುವ ಸ್ಫೋಟಕದ ಲೆಕ್ಕದ ಪುಸ್ತಕದಲ್ಲಿ.

ಕಾನೂನಿಗೆ ನಮ್ಮಲ್ಲಿ ಬರವಿಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಯಾದ ಮರುತಿಂಗಳೇ ಸಂಸತ್ತು ರಾಷ್ಟ್ರೀಯ ತನಿಖಾ ದಳದ ಕಾಯ್ದೆಯನ್ನು ಅಂಗೀಕರಿಸಿತು. 2012ರಲ್ಲಿ ಸ್ಫೋಟಕ ತಯಾರಿಕೆಗೆ ಬಳಸುವ ಅಮೋನಿಯಂ ನೈಟ್ರೇಟಿಗೆಂದೇ ಪ್ರತ್ಯೇಕ ನಿಯಮಗಳು ಬಂದವು. ಆದರೆ ಸಂವಿಧಾನದ 7ನೇ ಅನುಸೂಚಿಯಲ್ಲಿ ಸ್ಫೋಟಕ ಕೇಂದ್ರದ ಪಟ್ಟಿಯಲ್ಲಿದೆ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಸ್ಫೋಟಕದ ನಿಯಮ ಬರೆಯುವವರು ದೆಹಲಿಯಲ್ಲಿ, ಕಾವಲು ಕಾಯಬೇಕಾದವರು ನಿಮ್ಮೂರ ಠಾಣೆಯಲ್ಲಿ.

ನಾನು ಪೊಲೀಸ್ ಸೇವೆಯಲ್ಲಿದ್ದಾಗ ಆ ಕ್ವಾರಿಯ ಪುಸ್ತಕ ತೆರೆದರೆ ಇಡೀ ತಿಂಗಳಿಗೆ ಒಂದೇ ಕೈಬರಹ, ಒಂದೇ ಶಾಯಿ, ಎಲ್ಲಿಯೂ ಒಂದು ಕಾಟು ಇಲ್ಲ. ದಿನವಿಡೀ ಮಳೆ ಹೊಯ್ದು ಕೆಲಸ ನಿಂತಿದ್ದ ದಿನವೂ ಪುಸ್ತಕದಲ್ಲಿ ಡಿಟೋನೇಟರ್, ಅಂದರೆ ಸ್ಫೋಟಕಕ್ಕೆ ಕಿಡಿ ಕೊಡುವ ಸಾಧನಗಳು, ಸಿಡಿದಿದ್ದವು! ಮಾಲೀಕರು ಸುಮ್ಮನಾದರು. ಮೂಲೆಯಲ್ಲಿದ್ದ ಮುದುಕನೊಬ್ಬ, "ರೈಟರ್ ಶನಿವಾರ ಬರ್ತಾನ್ರೀ ಸಾಹೇಬ್ರ, ವಾರದ್ದೆಲ್ಲ ಒಮ್ಮಿಗೇ ಬರೀತಾನ್ರೀ" ಎಂದ. ಸ್ಫೋಟಕ ಇಡುವ ಕೋಣೆಯಲ್ಲಿದ್ದ ಡಿಟೋನೇಟರ್‌ಗಳನ್ನು ಎಣಿಸಿದರೆ ಪುಸ್ತಕಕ್ಕಿಂತ ಆರು ಹೆಚ್ಚಿದ್ದವು. "ಕಡಿಮೆಯಂತೂ ಇಲ್ಲವಲ್ಲ ಸರ್" ಎಂದು ಮಾಲೀಕರು ನಕ್ಕರು. ನನಗೆ ನಗು ಬರಲಿಲ್ಲ. ಲೆಕ್ಕದ ಹೊರಗಿದ್ದ ಆ ಆರನ್ನು ಯಾರು ಹೊತ್ತೊಯ್ದಿದ್ದರೂ ಪುಸ್ತಕ ಸರಿಯಾಗಿಯೇ ಇರುತ್ತಿತ್ತು, ಮಾಲೀಕರು ದೂರು ಕೊಡುತ್ತಿರಲಿಲ್ಲ, ಠಾಣೆಗೆ ಗೊತ್ತಾಗುತ್ತಿರಲಿಲ್ಲ, ಠಾಣೆಗೆ ಗೊತ್ತಿಲ್ಲದ ಸುದ್ದಿ ದೆಹಲಿಗೆ ಮುಟ್ಟುವುದಂತೂ ಆಗದ ಮಾತು.

ಅದಕ್ಕೇ ಹೇಳುತ್ತೇನೆ, ಅಂದಿನ ಲೆಕ್ಕ ಅಂದೇ ಬರೆಯಬೇಕು, ಮತ್ತು ಸ್ಫೋಟಕವನ್ನು ಕೈಯಾರೆ ಕೊಟ್ಟವನೇ ಬರೆಯಬೇಕು. ತಪಾಸಣೆಗೆ ಹೋಗುವ ನನ್ನ ಕಿರಿಯ ಸಹೋದ್ಯೋಗಿಗಳು ಮೊತ್ತ ಕೂಡಿಸಿ ಸಹಿ ಹಾಕಿ ಬರುತ್ತಾರೆ. ಕೋಣೆಯ ಬೀಗ ತೆಗೆಸುವುದಿಲ್ಲ. ಒಂದು ಠಾಣೆಗೆ ಹತ್ತಾರು ಹಳ್ಳಿ, ಜಾತ್ರೆ, ಬಂದೋಬಸ್ತು ಇರುವುದನ್ನು ನಾನು ಬಲ್ಲೆ, ಆದರೂ ಬೀಗ ತೆಗೆಸಲು ಎಷ್ಟು ಹೊತ್ತು ಬೇಕು?

ಕೇಂದ್ರ ಮತ್ತು ರಾಜ್ಯಗಳ ಸಮನ್ವಯದ ಬಗ್ಗೆಯೂ ಮಾತನಾಡಬೇಕೆಂದಿದ್ದೆ. 2012ರಲ್ಲಿ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರದ ಯೋಜನೆಯನ್ನು ಹಲವು ರಾಜ್ಯಗಳು ವಿರೋಧಿಸಿದ್ದು ಇದೇ ಅಧಿಕಾರದ ಗಡಿಯ ಕಾರಣಕ್ಕೆ. ಆದರೆ ನನಗೆ ಕೊಟ್ಟ ಸಮಯ ಮುಗಿಯುತ್ತಿದೆ. ಕ್ವಾರಿಯವರು ಕೇಳುತ್ತಿದ್ದರೆ, ಇಂದು ಸಂಜೆ ಕೋಣೆಗೆ ಬೀಗ ಹಾಕುವ ಮೊದಲು ಎಣಿಸಿರಿ. ಒಂದು ಕಡಿಮೆಯಾಗಿದ್ದರೂ, ಒಂದು ಹೆಚ್ಚಾಗಿದ್ದರೂ ಶನಿವಾರದವರೆಗೆ ಕಾಯದೆ ಠಾಣೆಗೆ ತಿಳಿಸಿರಿ. ನಮಸ್ಕಾರ.