ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ, ಸರಿ. ಆಮೇಲೆ?

ನಮಸ್ಕಾರ. ಬೆಳೆದ ಮಗಳೊಬ್ಬಳು ಧೈರ್ಯ ತಂದುಕೊಂಡು, ‘ಚಿಕ್ಕವಳಿದ್ದಾಗ ಈ ಮನೆಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ’ ಎಂದರೆ ನಮ್ಮ ಮನೆಗಳಲ್ಲಿ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಿನಗೇನು ಕಡಿಮೆ ಮಾಡಿದ್ದೆವು? ಹೊಟ್ಟೆಗೆ ಹಾಕಿದೆವು, ಬಟ್ಟೆ ಕೊಟ್ಟೆವು, ಓದಿಸಿದೆವು.’ ಅಲ್ಲಿಗೆ ಮಾತು ಮುಗಿಯುತ್ತದೆ. ಆ ಉತ್ತರ ಸಾಲದು ಎಂಬುದೇ ಇವತ್ತಿನ ನನ್ನ ವಾದ.

ಹೊಡೆತದ ಬಗ್ಗೆ ನಾವು ಈಗೀಗ ಬಾಯಿ ಬಿಡುತ್ತಿದ್ದೇವೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯದ ವಿರುದ್ಧ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇದೆ. ಮಗುವಿನ ಮನಸ್ಸನ್ನು ಕೇಳದೇ ಬಿಡುವ ನಿರ್ಲಕ್ಷ್ಯಕ್ಕೆ ಮಾತ್ರ ಬಾಸುಂಡೆ ಇಲ್ಲ, ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಅದನ್ನು ನಾವು ಗಾಯವೆಂದೇ ಎಣಿಸುವುದಿಲ್ಲ.

ರೊಮೇನಿಯಾದಲ್ಲಿ ನಡೆದದ್ದನ್ನು ಕೇಳಿ. 1966ರಲ್ಲಿ ಸರ್ವಾಧಿಕಾರಿ ಚೌಸೆಸ್ಕು ಜನಸಂಖ್ಯೆ ಹೆಚ್ಚಿಸಲು ಹೊರಟು ಗರ್ಭಪಾತವನ್ನು ನಿಷೇಧಿಸಿದ. ಸಾಕಲಾಗದ ಬಡವರು ಹೆತ್ತ ಮಕ್ಕಳನ್ನು ಸರ್ಕಾರಿ ಅನಾಥಾಲಯಗಳಿಗೆ ಒಪ್ಪಿಸಿದರು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಕುಸಿದಾಗ ಅಂಥ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಆಗ ಹೊರಬಂದ ಚಿತ್ರಗಳಲ್ಲಿ ಹಸಿವು, ಚಳಿ, ಕೊಳಕು ಎಲ್ಲವೂ ಇತ್ತು. ಸುಮಾರು ಹತ್ತು ವರ್ಷಗಳ ನಂತರ ಸಂಶೋಧಕರು ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳಿಗೆ ಹೋದಾಗ ಅಲ್ಲಿ ಹೊತ್ತಿಗೆ ಊಟವಿತ್ತು, ಬಟ್ಟೆಯಿತ್ತು, ಸಾಲಾಗಿ ಜೋಡಿಸಿದ ತೊಟ್ಟಿಲುಗಳಿದ್ದವು. ಅವರನ್ನು ಬೆಚ್ಚಿಬೀಳಿಸಿದ್ದು ಅಲ್ಲಿನ ನಿಶ್ಶಬ್ದ. ಕೋಣೆಯ ತುಂಬ ಕೂಸುಗಳು, ಅಳುವಿನ ಸದ್ದಿಲ್ಲ. ಅತ್ತರೂ ಯಾರೂ ಬರುವುದಿಲ್ಲ ಎಂಬುದು ತಿಳಿದ ಮೇಲೆ ಮಗು ಅಳುವುದನ್ನೇ ಬಿಡುತ್ತದೆ. ಕೆಲವು ಮಕ್ಕಳು ಕುಳಿತಲ್ಲೇ ಹಿಂದೆ ಮುಂದೆ ತೂಗಾಡುತ್ತಿದ್ದವು. ಇನ್ನು ಕೆಲವು ಎಂದೂ ಕಾಣದ ಅಪರಿಚಿತರು ಬಂದರೂ ಎರಡೂ ಕೈ ಚಾಚಿ ಎತ್ತಿಕೊಳ್ಳಿ ಎನ್ನುತ್ತಿದ್ದವು. ನೋಡಲು ಬಂದವರು ‘ಎಷ್ಟು ಪ್ರೀತಿಯ ಮಗು’ ಎಂದುಕೊಂಡಿರಬಹುದು. ಯಾರು ತನ್ನವರು ಎಂದು ತಿಳಿಯುವ ಅವಕಾಶವೇ ಆ ಮಗುವಿಗೆ ಸಿಕ್ಕಿರಲಿಲ್ಲ.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಅಲ್ಲಿನ 136 ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಆರಿಸಿ ಸಾಕುಮನೆಗಳಿಗೆ ಕಳುಹಿಸಿದರು. ಸಂಸ್ಥೆಯಲ್ಲೇ ಬೆಳೆದವರಿಗಿಂತ ಇವರ ಬುದ್ಧಿಶಕ್ತಿ, ಭಾಷೆ, ಬಾಂಧವ್ಯ ಎಲ್ಲವೂ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು, ಮಿದುಳಿನ ವಿದ್ಯುತ್ ಚಟುವಟಿಕೆಯೂ ಉತ್ತಮಗೊಂಡಿತು. ಇದನ್ನು ಓದಿದಾಗ ನನಗೆ ಸಂಕಟದ ಜೊತೆ ಸಿಟ್ಟೂ ಬಂತು. ಆ ಮಕ್ಕಳಿಗೆ ಸಿಗದೇ ಹೋದದ್ದು ಕರೆದಾಗ ಓಗೊಡುವ ಒಬ್ಬ ಮನುಷ್ಯ, ಅಷ್ಟೇ.

‘ಅದು ಅನಾಥಾಲಯದ ಕಥೆ, ನಮ್ಮದು ಸಂಸಾರವಂದಿಗರ ಮನೆ’ ಎನ್ನಬಹುದು. ಅಷ್ಟು ಘೋರವಾದದ್ದು ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ವೈದ್ಯರು ಬಾಲ್ಯದ ಬಗ್ಗೆ ಪ್ರಶ್ನಿಸಿದ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಆರೋಗ್ಯ ವಿಮೆ ಇದ್ದ, ಓದಿಕೊಂಡ ಮಧ್ಯಮ ವರ್ಗದವರು. 1998ರಲ್ಲಿ ಪ್ರಕಟವಾದ ಅವರ ಮೊದಲ ವರದಿಯ ಪ್ರಕಾರ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಹಿಂಸೆ, ಸಂಕಟಗಳನ್ನು ಕಂಡವರಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚು. ಹೃದ್ರೋಗಕ್ಕೂ ನಂಟು ಕಂಡಿತು. ಎರಡನೇ ಸುತ್ತಿನ ಪ್ರಶ್ನೆಗಳಲ್ಲಿ ನಿರ್ಲಕ್ಷ್ಯವೂ ಸೇರಿಕೊಂಡಿತು.

ನಮ್ಮ ಕೇಂದ್ರ ಸರ್ಕಾರವೇ 2007ರಲ್ಲಿ 13 ರಾಜ್ಯಗಳ ಅಧ್ಯಯನವೊಂದನ್ನು ಹೊರತಂದಿತು. ಕರ್ನಾಟಕ ಅದರಲ್ಲಿ ಇರಲಿಲ್ಲ. ನೆರೆಯ ಗೋವಾ, ಕೇರಳ, ಮಹಾರಾಷ್ಟ್ರ, ಆಂಧ್ರ ಇದ್ದವು. ಮನೆಯಲ್ಲಿ ಹೆಣ್ಣುಮಕ್ಕಳನ್ನು ಹೇಗೆ ನೋಡುತ್ತಾರೆಂದು ಅದರಲ್ಲಿ ಹುಡುಗಿಯರನ್ನೇ ಕೇಳಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಹುಡುಗಿಯರು ತಾವು ಗಂಡಾಗಿದ್ದರೆ ಚೆನ್ನಾಗಿತ್ತು ಎಂದು ಉತ್ತರಿಸಿದರು. ಅವರಲ್ಲಿ ಬಹಳಷ್ಟು ಮಂದಿ ಈಗ ತಾಯಂದಿರಾಗಿರುತ್ತಾರೆ.

ಹಾಗೆ ಬೆಳೆದವರನ್ನು ನೀವು ಕಂಡಿರುತ್ತೀರಿ. ಜ್ವರದಿಂದ ಮೈ ಸುಡುತ್ತಿದ್ದರೂ ಹೇಳದೆ ಅಡುಗೆ ಮಾಡುವವರು. ಸಾಲ ಮಾಡಿ ಸಿಕ್ಕಿಹಾಕಿಕೊಂಡರೂ ಅಣ್ಣನಲ್ಲಿ ಬಾಯಿ ಬಿಡದವರು. ಯಾರಾದರೂ ಅಕ್ಕರೆ ತೋರಿದರೆ ‘ಇವರಿಗೇನೋ ಬೇಕಿದೆ’ ಎಂದು ಅನುಮಾನಿಸುವವರು. ‘ಏನಾಯಿತು?’ ಎಂದು ಕೇಳಿದರೆ ನಿಜವಾಗಿಯೂ ಗೊತ್ತಾಗದೆ ‘ಏನಿಲ್ಲ’ ಎನ್ನುವವರು. ನಾವು ಇವರನ್ನು ಗಟ್ಟಿಗರು ಎಂದು ಹೊಗಳುತ್ತೇವೆ. ಇನ್ನೊಬ್ಬರಿಗೆ ತೊಂದರೆ ಕೊಡುವವರಲ್ಲ ಎನ್ನುತ್ತೇವೆ. ಸಹಾಯ ಕೇಳಿದರೆ ಸಿಗುವುದಿಲ್ಲ ಎಂದು ಮೂರ್ನಾಲ್ಕು ವರ್ಷದಲ್ಲೇ ಕಲಿತ ಪಾಠವನ್ನು ಅವರು ನಲವತ್ತರಲ್ಲೂ ಪಾಲಿಸುತ್ತಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ.

ತಂದೆತಾಯಿಯರನ್ನು ಕಟಕಟೆಗೆ ಎಳೆಯಬೇಕೆಂಬುದು ನನ್ನ ಉದ್ದೇಶವಲ್ಲ. ಎರಡು ಪಾಳಿ ದುಡಿದು ಬಂದ ಅಪ್ಪನಿಗೆ ಮಗುವಿನ ಮಾತು ಕೇಳುವ ತ್ರಾಣ ಉಳಿದಿರಲಿಲ್ಲ ಎಂಬುದು ನಿಜವಿರಬಹುದು. ತಾಯಿಯನ್ನೂ ಯಾರೂ ಕೇಳಿರಲಿಕ್ಕಿಲ್ಲ. ಆದರೂ ಅವರ ಕಷ್ಟ ನಿಜವಾದ ಮಾತ್ರಕ್ಕೆ ಮಗುವಿನ ನೋವು ಸುಳ್ಳಾಗುವುದಿಲ್ಲ. ಇಂದು ಮಗಳು ಆ ಮಾತು ಎತ್ತಿದರೆ ಖರ್ಚಿನ ಲೆಕ್ಕ ಒಪ್ಪಿಸಬೇಡಿ. ‘ಯಾವಾಗ ಹಾಗನ್ನಿಸಿತು, ಹೇಳು’ ಎಂದು ಕೇಳಿ, ಅವಳು ಮುಗಿಸುವವರೆಗೆ ಸುಮ್ಮನಿರಿ.

ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ‘ನನ್ನನ್ನು ಯಾರೂ ಹೊಡೆದಿಲ್ಲ, ಆದರೂ ಕರೆ ಮಾಡಬಹುದೇ?’ ಎಂದು ಹಿಂಜರಿಯುತ್ತಿದ್ದರೆ, ಖಂಡಿತ ಮಾಡಬಹುದು. ಈಗ ಕಷ್ಟದಲ್ಲಿರುವ ಮಗುವೊಂದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.